ಕ್ಲಿಪ್ ಹಾಕಿದ ಕುಂಬಳದ ಹೂವು

ಬೆಳಿಗ್ಗೆ ಆರು ಗಂಟೆಗೆ ಹಿತ್ತಿಲ ಬಾಗಿಲು ತೆಗೆದಾಗ ಅರುಣಕುಮಾರಿಗೆ ಮೊದಲು ಕಂಡದ್ದು ಒಂದು ಕೈ. ನೀಲಿ ಅಂಗಿಯ ತೋಳು ಮಡಿಸಿದ ಗಂಡಸಿನ ಕೈ. ಅದು ಕಾಂಪೌಂಡಿನ ಆ ಕಡೆಯಿಂದ ಚಾಚಿಕೊಂಡು, ಗೋಡೆಯ ಮೇಲೆ ಹಬ್ಬಿದ್ದ ಕುಂಬಳದ ಬಳ್ಳಿಯಲ್ಲಿ ತಡಕಾಡಿ, ಆಗಷ್ಟೇ ಅರಳಿದ್ದ ಹಳದಿ ಹೂವೊಂದನ್ನು ಪಟಕ್ಕನೆ ಮುರಿಯಿತು.

"ಯಾರದು? ಕೈ ತೆಗೀರಿ."

ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಎಣ್ಣೆ ಕಾಣದ ಕೂದಲು, ನಿದ್ದೆ ಪೂರ್ತಿ ಬಿಡದ ಕಣ್ಣು.

"ನಾನ್ರಿ. ಬಾಜೂ ಮನಿ. ಶಶಿಧರ್."

"ಪಕ್ಕದ ಮನೆ ಅಂದ್ಬುಟ್ರೆ ನಮ್ಮ ಬಳ್ಳೀಲಿ ಹೂ ಕೀಳ್ಬೋದಾ?"

"ಇದು ನಿಮ್ಮ ಬಳ್ಳಿ ಅಲ್ರಿ, ನಮ್ಮದು. ನಮ್ಮ ಕಡಿಂದ ಹತ್ತಿ ನಿಮ್ಮ ಕಡಿ ಇಳದೈತಿ."

ಅರುಣಕುಮಾರಿ ಹತ್ತಿರ ಹೋಗಿ ನೋಡಿದಳು. ಒಂದು ಬಳ್ಳಿಯ ಎಲೆಯ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಮಚ್ಚೆ. ಅದು ಅವರದು. ಇನ್ನೊಂದರ ಎಲೆ ಬರೀ ಹಸಿರು. ಎರಡೂ ಒಂದರ ಕುಡಿಯನ್ನು ಇನ್ನೊಂದು ಸುತ್ತಿಕೊಂಡು, ಎಲ್ಲಿ ಯಾವುದು ಮುಗಿದು ಯಾವುದು ಶುರುವಾಗುತ್ತದೆಂದು ತಿಳಿಯದಂತೆ ಗೋಡೆ ತುಂಬ ಹರಡಿದ್ದವು. ಅವನು ಕಿತ್ತ ಹೂವು ಮಚ್ಚೆಯಿಲ್ಲದ ಬಳ್ಳಿಯದೇ ಆಗಿತ್ತು. ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಅದನ್ನು ತೋರಿಸಿಕೊಳ್ಳದೆ ಕೇಳಿದಳು: "ಪೂಜೆಗಾ?"

"ಅಲ್ರಿ, ಬಜಿ ಮಾಡಾಕ. ಗಂಡು ಹೂ ಅದಾವಲ್ಲ, ಅವನ್ನ ಹಿಟ್ಟಿನಾಗ ಅದ್ದಿ ಕರದ್ರ ಭಾಳ ಚಲೋ ಆಗತಾವು." ಅವನು ಹೂವನ್ನು ಮೂಗಿನ ಹತ್ತಿರ ಹಿಡಿದು, ಅದರ ಅಂಚಿನ ಮೇಲಿಂದ ಅವಳನ್ನು ನೋಡಿದ. "ಒಂದೆರಡು ಕೊಡ್ಲೇನು, ಸಿಟ್ಟು ಇಳಿಯೋದಿದ್ರ?"

ಅವಳು ನಗು ತಡೆದುಕೊಂಡು ಒಳಗೆ ಹೋದಳು.

ಚಿನ್ನದ ಗಣಿಯ ಊರು ಕೋರಮಂಡಲಿನ ಆ ಜೋಡಿ ಮನೆ ಗಣಿ ಕಂಪನಿ ಕಾಲದ್ದು. ಅರುಣಕುಮಾರಿಯ ತಾತ ಗಣಿಯ ಟೈಮ್ ಆಫೀಸಿನಲ್ಲಿದ್ದಾಗ ಸಿಕ್ಕ ಅರ್ಧದಲ್ಲಿ ಈಗ ಅವಳೂ ಅಜ್ಜಿ ಮುನಿಗಂಗಮ್ಮನೂ ಇದ್ದರು. ಇನ್ನರ್ಧಕ್ಕೆ ಕಾರ್ಖಾನೆಯ ಜನ ಬಾಡಿಗೆಗೆ ಬಂದು ಹೋಗುತ್ತಿದ್ದರು. ಶಶಿಧರ್ ಬಂದು ಏಳು ತಿಂಗಳಾಗಿತ್ತು. ರಾಣೆಬೆನ್ನೂರು ಕಡೆಯವನು, ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಎಂದಷ್ಟೇ ಗೊತ್ತಿತ್ತು. ಅವಳು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವಳ ರೈಲು ಹೊರಡುವ ಹೊತ್ತಿಗೆ ಅವನ ಬೈಕ್ ಹೋಗಿರುತ್ತಿತ್ತು. ಅವನ ತಲೆಯ ಮೇಲೆ ಹೆಲ್ಮೆಟ್ ಇಲ್ಲದ್ದನ್ನು ಅವಳು ನೋಡಿದ್ದು ಇದೇ ಮೊದಲು.

*

ಸಂಜೆ ಅವಳು ಸ್ಕೂಲಿನಿಂದ ಬರುವಾಗ ಅಜ್ಜಿ ಬಾಗಿಲಲ್ಲಿ ಕೂತು ಬಜ್ಜಿ ತಿನ್ನುತ್ತಿದ್ದಳು.

"ಆ ಉಡುಗ ತಂದ್ಕೊಟ್ಟ ಕಣಮ್ಮಣ್ಣಿ. ಗುಮ್ಮಡಿ ಊವಂತೆ. ಈ ವಯಸ್ಸಿಗೆ ಬಂದು ಇವತ್ತು ತಿಂದೆ ನೋಡು."

ಬಜ್ಜಿಯ ಹಿಂದೆಯೇ ಅವನೂ ಇದ್ದ, ಮೆಟ್ಟಿಲ ಕೆಳಗೆ, ಖಾಲಿ ತಟ್ಟೆ ವಾಪಸ್ಸಿಗೆ ಕಾಯುತ್ತ. ಮುಖ ಬೆಳಗಿನಷ್ಟು ಹಗುರವಾಗಿರಲಿಲ್ಲ.

"ಅಜ್ಜಿ ಹೇಳಿದ್ರು, ನೀವು ಈ ಕಾಯಿ ಬೀಜಕ್ಕ ಬಿಡವರಿದ್ದೀರಂತ."

"ಊಂ. ಯಾಕೆ?"

"ಹಂಗಾದ್ರ ನನ್ನ ಬಳ್ಳಿಯಿಂದ ನಿಮಗ ತ್ರಾಸ ಐತ್ರಿ."

ಅವನು ಬಿಡಿಸಿ ಹೇಳಿದ. ಜೇನುನೊಣಕ್ಕೆ ಗೋಡೆಯಿಲ್ಲ. ಅವನ ಬಳ್ಳಿಯ ಗಂಡು ಹೂವಿನ ಪುಡಿಯನ್ನು ಕಾಲಿಗೆ ಮೆತ್ತಿಕೊಂಡು ಇವರ ಹೆಣ್ಣು ಹೂವಿನಲ್ಲಿ ಕೂರುತ್ತದೆ. ಈ ವರ್ಷದ ಕಾಯಿ ನೋಡಲು ಇವರದರ ಹಾಗೆಯೇ ಇರುತ್ತದೆ. ಆದರೆ ಅದರ ಬೀಜ ಹಾಕಿದರೆ ಮುಂದಿನ ವರ್ಷ ಬರುವುದು ಇವರದೂ ಅಲ್ಲ, ಅವನದೂ ಅಲ್ಲ.

ಅಜ್ಜಿ ತಿನ್ನುವುದನ್ನು ನಿಲ್ಲಿಸಿದಳು.

ಬೂದಿಕೋಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಮುನಿಗಂಗಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜ ಅದು. ಚಪ್ಪಟೆ ಕಾಯಿ, ಹೊರಗೆ ಬೂದಿ ಹಸಿರು, ಕೊಯ್ದರೆ ಒಳಗೆ ಅರಿಶಿನ ಕುಂಕುಮ ಕಲಸಿದ ಬಣ್ಣ. ತೊಲೆಗೆ ನೇತುಹಾಕಿದರೆ ಒಂದು ವರ್ಷ ಕೆಡುತ್ತಿರಲಿಲ್ಲ. ಪ್ರತಿ ವರ್ಷ ಬೀಜವನ್ನು ಬೂದಿಯಲ್ಲಿ ಉಜ್ಜಿ, ಹಸಿ ಬೆರಣಿಗೆ ಒತ್ತಿ, ಗೋಡೆಗೆ ತಟ್ಟಿ ಒಣಗಿಸಿ ಇಡುತ್ತಿದ್ದಳು. ಹೋದ ವರ್ಷ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಬಿತ್ತಲಿಲ್ಲ. ವಾಪಸ್ಸು ಬಂದು ನೋಡಿದರೆ ಬೆರಣಿಯ ಬೀಜವನ್ನೆಲ್ಲ ಹುಳ ತಿಂದಿತ್ತು. ಏಳು ಮಾತ್ರ ಉಳಿದಿದ್ದವು. ಎರಡು ಮೊಳೆತವು. ಒಂದು ಬಾಡಿಹೋಯಿತು. ಉಳಿದ ಒಂದೇ ಬಳ್ಳಿ ಈಗ ಗೋಡೆಯ ಮೇಲಿತ್ತು.

ಅಜ್ಜಿ ಆ ಗೋಡೆಯ ಕಡೆಗೇ ನೋಡುತ್ತಿದ್ದಳು. ಪೊರೆ ಬಂದ ಕಣ್ಣಿಗೆ ಹಸಿರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ನಮ್ಮವ್ವ ಬೀಜ ಕಳಿಸಿದ್ಲು, ಅದಕ್ಕ ಹಾಕಿದ್ದೆ," ಎಂದ ಶಶಿಧರ್. "ತಪ್ಪಾತ್ರಿ. ನಾಳೆ ಮುಂಜಾನೆ ಕಿತ್ತು ಹಾಕತೀನಿ."

"ಅಮ್ಮ ಕಳ್ಸಿದ್ದನ್ನ ಯಾಕೆ ಕೀಳ್ತೀರಿ?" ಅರುಣಕುಮಾರಿ ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು. "ಬೇರೆ ದಾರಿ ಇಲ್ವಾ?"

ಅವನು ಅವಳನ್ನು ನೋಡಿದ. ಯಾರೋ ಬಾಗಿಲು ತೆಗೆದು ಒಳಗೆ ಕರೆದಾಗ ನೋಡುವ ಹಾಗೆ.

"ಐತ್ರಿ. ನಮ್ಮ ಕಡೆ ಹತ್ತಿ ಹೊಲದಾಗ ಹೆಣ್ಮಕ್ಕಳು ಕ್ರಾಸಿಂಗ್ ಮಾಡತಾರ, ಅಂದ್ರ ಹೂವಿನ ಪುಡಿ ಕೈಲೇ ಸವರೋದು. ನಮ್ಮವ್ವ ಇಪ್ಪತ್ತು ವರ್ಷ ಅದೇ ಕೆಲಸ ಮಾಡ್ಯಾಳ. ಸಾಲಿ ರಜಾ ಇದ್ದಾಗ ನಾನೂ ಮಾಡೇನಿ. ಆದ್ರ ಅದಕ್ಕ ನಿಮ್ಮದೊಂದು ಸಾಮಾನು ಬೇಕು."

"ಏನು?"

"ನಿಮ್ಮ ತಲಿಯೊಳಗಿನ ಕ್ಲಿಪ್ಪು."

*

ಕೆಲಸ ಸುಲಭವಿತ್ತು. ಆದರೆ ಅದಕ್ಕೆ ದಿನಕ್ಕೆರಡು ಸಲ ಇಬ್ಬರೂ ಒಂದೇ ಬಳ್ಳಿಯ ಮುಂದೆ ನಿಲ್ಲಬೇಕಿತ್ತು.

ಸಂಜೆ, ಮಚ್ಚೆ ಎಲೆಯ ಬಳ್ಳಿಯಲ್ಲೇ ಮಾರನೇ ದಿನ ಅರಳಲಿರುವ ಮೊಗ್ಗನ್ನು ಹುಡುಕಬೇಕು. ತುದಿಯಲ್ಲಿ ಹಳದಿ ಇಣುಕುವ ಮೊಗ್ಗು. ಗಂಡು ಹೂವಿನದೊಂದು, ಹೆಣ್ಣು ಹೂವಿನದೊಂದು. ಎರಡರ ಬಾಯಿಯನ್ನೂ ಕ್ಲಿಪ್ ಹಾಕಿ ಮುಚ್ಚಬೇಕು, ನೊಣ ಒಳಗೆ ಹೋಗದಂತೆ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ಕ್ಲಿಪ್ ತೆಗೆದು, ನಡುವಿಗೆ ಮೆಲ್ಲಗೆ ಸವರಿ, ಮತ್ತೆ ಕ್ಲಿಪ್ ಹಾಕಬೇಕು.

"ಹೆಣ್ಣು ಹೂ ಯಾವುದು ಅಂತ ಎಂಗೆ ಗೊತ್ತಾಗುತ್ತೆ?"

"ಹೂವಿನ ಕೆಳಗ ಸಣ್ಣ ಕಾಯಿ ಇರತೈತಿ ನೋಡ್ರಿ. ಗಂಡು ಹೂವಿಗೆ ಬರೇ ಉದ್ದ ಕಾಲು. ಎತ್ತರಕ್ಕ ನಿಂತು ಅತ್ತಾಗ ಇತ್ತಾಗ ನೋಡಕೊಂತ ಇರತೈತಿ, ಅಷ್ಟ."

"ನಿಮ್ಮಂಗೆ, ಗೋಡೆ ಮೇಲೆ."

ಅವನು ಸೋಲೊಪ್ಪಿಕೊಂಡವನಂತೆ ತಲೆ ಬಗ್ಗಿಸಿದ. ಬಗ್ಗಿಸಿದ ತಲೆಯಲ್ಲೇ ನಗುತ್ತಿದ್ದುದು ಅವಳಿಗೆ ಏರಿದ ಕೆನ್ನೆಯಿಂದಲೇ ಗೊತ್ತಾಯಿತು.

ಮೊದಲ ದಿನ ಅವನು ಗೋಡೆಯ ಆಚೆ ನಿಂತು ಹೇಳಿಕೊಟ್ಟ, ಅವಳು ಮಾಡಿದಳು. ಹೆಣ್ಣು ಹೂವಿನ ನಡುವಿಗೆ ಪುಡಿ ಸವರುವಾಗ ಅವಳ ಕೈಬೆರಳೆಲ್ಲ ಹಳದಿಯಾಯಿತು. ಅವನು ಆಕಾಶ ನೋಡುತ್ತ, "ಇವತ್ತು ಮೋಡ ಐತಿ," ಎಂದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಆ ಹೂವಿನ ಕಾಯಿ ನಾಲ್ಕನೇ ದಿನಕ್ಕೆ ಹಳದಿಯಾಗಿ ಉದುರಿತು. ಎರಡನೆಯದೂ ಹಾಗೇ ಆಯಿತು. ಅಜ್ಜಿ ಉದುರಿದ ಪುಟ್ಟ ಕಾಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆ ದಿನ ಸಂಜೆ ಶಶಿಧರ್ ಗೋಡೆ ಸುತ್ತಿ, ಮುಂಬಾಗಿಲಿನಿಂದ ಬಂದು, ಅರುಣಕುಮಾರಿಯ ಪಕ್ಕದಲ್ಲೇ ಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ನನ್ನ ಕೈಯೇ ಸರಿ ಇಲ್ವೇನೋ," ಎಂದಳು ಅವಳು. ಕುಂಬಳಕಾಯಿಯನ್ನಷ್ಟೇ ಕುರಿತು ಹೇಳಿದ್ದಲ್ಲ ಎಂದು ಅವಳ ದನಿಯಲ್ಲಿತ್ತು. "ನಂದು ಒಂದು ಮದುವೆ ಗೊತ್ತಾಗಿತ್ತು, ಮೂರು ವರ್ಷದ ಇಂದೆ. ಪತ್ರಿಕೆ ಅಂಚಿ ಆಗಿತ್ತು. ಅದಿನೈದು ದಿನ ಇದೆ ಅನ್ನೋವಾಗ ಬೇಡ ಅಂತ ಫೋನ್ ಮಾಡಿದ್ರು."

ಅವನು ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಕೊನೆಗೆ ಒಂದು ಎಲೆಯನ್ನು ಎತ್ತಿ ಹಿಡಿದ. ಅದರಡಿಯಲ್ಲಿ, ಹೆಬ್ಬೆರಳ ಗಾತ್ರದ ಕಾಯಿಯ ಮೇಲೆ, ತುದಿ ಹಳದಿಯಾದ ಮೊಗ್ಗಿತ್ತು.

"ಕೈ ಚಲೋನೇ ಐತ್ರಿ," ಎಂದ. "ಕ್ಲಿಪ್ ಕೊಡ್ರಿ."

ಅವಳು ಜಡೆಯಿಂದ ಕ್ಲಿಪ್ ತೆಗೆದುಕೊಟ್ಟಳು. ಕಿವಿಯ ಬಳಿ ಸಡಿಲವಾದ ಕೂದಲು ಮುಖಕ್ಕೆ ಬಿತ್ತು. ಅವನ ಕಣ್ಣು ಹೂವಿಗೆ ಹೋಗಬೇಕಾದದ್ದು, ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಹೋಯಿತು.

ಆ ಕಾಯಿ ನಿಂತಿತು. ನಿಂಬೆಯಷ್ಟಾಯಿತು, ತೆಂಗಿನಕಾಯಿಯಷ್ಟಾಯಿತು. ಅವಳು ತೊಟ್ಟಿಗೆ ಕೆಂಪು ದಾರ ಕಟ್ಟಿ, ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿದಳು. ಆಮೇಲೆ ಎಷ್ಟು ಹೂ ಸವರಿದರೂ ಬೇರೊಂದು ಕಾಯಿ ನಿಲ್ಲಲಿಲ್ಲ. ಆದರೂ ಹೂವಿನ ನೆಪದಲ್ಲಿ ಬೆಳಗು ಸಂಜೆಯ ಭೇಟಿ ನಡೆಯುತ್ತಲೇ ಇತ್ತು. ಹೂವು ಮುಗಿದ ಮೇಲೂ ನಡೆಯಿತು. ಅವನು ಅವಳ 'ಬತ್ತೀನಿ', 'ಓಗ್ತೀನಿ' ಆಡಿ ತೋರಿಸುತ್ತಿದ್ದ. ಅವಳು ಅವನ 'ಹೌದಲ್ರೀ' ಎಳೆದು ತೋರಿಸುತ್ತಿದ್ದಳು. ಅಜ್ಜಿ ಒಳಗಿನಿಂದ, "ಇಬ್ರೂ ಕನ್ನಡದಾಗೆ ಮಾತಾಡ್ರಮ್ಮಾ," ಎನ್ನುತ್ತಿದ್ದಳು.

*

ಕಾಯಿಗೆ ಮೂವತ್ತು ದಿನವಾದಾಗ ಶಶಿಧರ್ ಹೇಳಿದ: "ಬರೋ ಶುಕ್ರವಾರ ಊರಿಗೆ ಹೊಂಟೇನ್ರಿ."

"ಊರಬ್ಬ ಇದೆಯಾ?"

"ಇಲ್ಲ. ನಮ್ಮವ್ವ ಒಂದು ಹುಡುಗಿ ನೋಡ್ಯಾಳ. ಭಾನುವಾರ ಅವರ ಮನಿಗೆ ಹೋಗೋದೈತಿ."

ಹೇಳಿ, ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಏನಾದರೂ ಅನ್ನಲಿ ಎಂದು ಕಾಯುತ್ತಿರುವುದು ಸ್ಪಷ್ಟವಾಗಿತ್ತು. ಬೇಡ ಎಂದುಬಿಡಬೇಕು ಎನ್ನಿಸಿತು ಅವಳಿಗೆ. ಆದರೆ ಒಮ್ಮೆ ಫೋನಿನಲ್ಲಿ ಬೇಡ ಎನ್ನಿಸಿಕೊಂಡವಳು, ಬೇಕು ಎಂದು ಬಾಯಿಬಿಟ್ಟು ಕೇಳುವ ಧೈರ್ಯವನ್ನು ಅವತ್ತೇ ಎತ್ತಿಟ್ಟಿದ್ದಳು.

"ಒಳ್ಳೇದಾಗ್ಲಿ," ಎಂದಳು.

"ಅಷ್ಟೇನ್ರಿ?"

"ಇನ್ನೇನು ಏಳ್ಬೇಕು? ಓಗಿ ಬನ್ನಿ."

ಅವನು ಹೋದ. ಶನಿವಾರ ಅವಳು ಹತ್ತನೇ ತರಗತಿಗೆ ಒಂದೇ ಪಾಠವನ್ನು ಎರಡು ಸಲ ಮಾಡಿದಳು. ಮಕ್ಕಳು ಹೇಳುವವರೆಗೂ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಅವಳು ಬಟ್ಟೆ ಒಗೆಯುತ್ತಿದ್ದಾಗ ಹಿತ್ತಿಲಲ್ಲಿ ಅಜ್ಜಿಯ ಕೂಗು ಕೇಳಿತು. ಓಡಿಹೋದರೆ ಹಿಂದಿನ ಬೀದಿಯ ಬಚ್ಚಪ್ಪನ ಮೇಕೆ ಮುರಿದ ಬೇಲಿಯಿಂದ ಒಳಗೆ ನುಗ್ಗಿ ಬಳ್ಳಿಯನ್ನು ಎಳೆದಾಡುತ್ತಿತ್ತು. ಅಜ್ಜಿ ಕೋಲು ಬೀಸುತ್ತಿದ್ದಳು, ಕೋಲು ಗೋಡೆಗೆ ಬೀಳುತ್ತಿತ್ತು. ಅರುಣಕುಮಾರಿ ಮೇಕೆಯನ್ನು ಓಡಿಸಿದಳು. ಆಗಲೇ ಬಳ್ಳಿ ಬುಡದ ಹತ್ತಿರ ಎರಡು ತುಂಡಾಗಿತ್ತು. ಕೆಂಪು ದಾರದ ಕಾಯಿ, ತೊಟ್ಟಿನ ಆಚೆಗಿನ ಬಳ್ಳಿ ಮುರಿದು, ಮಣ್ಣಿನಲ್ಲಿ ಬಿದ್ದಿತ್ತು.

ಮೂವತ್ತೆಂಟನೇ ದಿನ. ಬೀಜ ಬಲಿಯಲು ಇನ್ನೂ ಎರಡು ವಾರವಾದರೂ ಬೇಕು ಎಂದು ಶಶಿಧರ್ ಹೇಳಿದ್ದ.

"ಓಯ್ತು ಬಿಡಮ್ಮಣ್ಣಿ," ಎಂದು ಅಜ್ಜಿ ಕಲ್ಲಿನ ಮೇಲೆ ಕೂತಳು. "ನಮ್ಮಮ್ಮ ಕೊಟ್ಟಿದ್ದು. ನನ್ ಕೈಲೇ ಓಯ್ತು."

ಅಜ್ಜಿ ಅತ್ತದ್ದನ್ನು ಅರುಣಕುಮಾರಿ ತಾತ ಸತ್ತಾಗ ನೋಡಿದ್ದಳು. ಆಮೇಲೆ ಇವತ್ತೇ.

ಅವಳು ಒದ್ದೆ ಕೈಯಲ್ಲೇ ಫೋನ್ ಎತ್ತಿಕೊಂಡಳು. ಅವನ ನಂಬರಿತ್ತು, ಒಂದು ಸಲವೂ ಮಾಡಿರಲಿಲ್ಲ. ಎರಡನೇ ರಿಂಗಿಗೇ ಅವನು ಎತ್ತಿದ.

"ನಾನು ಅರುಣ. ಮೇಕೆ ಬಂದು..."

"ನಿಮಗೇನೂ ಆಗಿಲ್ಲಲ್ರಿ? ಅಜ್ಜಿಗೆ?"

"ಇಲ್ಲ. ಕಾಯಿ. ಬಳ್ಳಿ ಮುರಿದೋಯ್ತು."

ಆ ಕಡೆ ಅವನು ಎದ್ದು ಹೊರಗೆ ಬಂದ ಸದ್ದಾಯಿತು. ಆಮೇಲೆ ಅವನ ದನಿ ಬಂತು, ಅವಸರವಿಲ್ಲದೆ, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಮಾತಾಡಿದ ಹಾಗೆ. ಕಾಯಿ ಒಡೆದಿದೆಯಾ ನೋಡಿರಿ. ಇಲ್ಲ. ತೊಟ್ಟು ಕಾಯಿಗೆ ಅಂಟಿಕೊಂಡಿದೆಯಾ? ಇದೆ, ನಾಲ್ಕು ಬೆರಳಿನಷ್ಟು. ಉಗುರು ಊರಿ ನೋಡಿರಿ, ಇಳಿಯುತ್ತದಾ? ಸ್ವಲ್ಪ ಇಳಿಯಿತು, ಜಾಸ್ತಿ ಇಲ್ಲ.

"ಹಂಗಾದ್ರ ಹೆದರಬ್ಯಾಡ್ರಿ. ಹೆಚ್ಚಬ್ಯಾಡ್ರಿ, ತೊಳೀಬ್ಯಾಡ್ರಿ. ಒಣ ಅರಬಿಲೆ ಒರೆಸಿ, ಒಳಗ ನೆರಳಾಗ, ಗಾಳಿ ಆಡೋ ಕಡೆ ಇಡ್ರಿ. ಇಪ್ಪತ್ತೈದು ದಿನ ಮುಟ್ಟಬ್ಯಾಡ್ರಿ. ಒಳಗ ತಿರುಳು ಇರತನಕ ಬೀಜಕ್ಕ ಊಟ ಇರತೈತಿ. ಬಲೀತಾವು."

"ನಿಜವಾಗ್ಲೂ?"

"ಬಲೀಬೇಕು. ಬರೇ ನಿಮ್ಮ ಸಮಾಧಾನಕ್ಕ ಹೇಳಾಕ ಹತ್ತಿಲ್ರಿ."

ಅವಳು ಆಗ ಅತ್ತಳು. ಅವನು ಫೋನ್ ಇಡಲಿಲ್ಲ. ಅಳು ನಿಲ್ಲುವವರೆಗೂ ಮಧ್ಯೆ ಮಧ್ಯೆ "ಅದೀನ್ರಿ, ಇಲ್ಲೇ ಅದೀನಿ" ಎನ್ನುತ್ತಿದ್ದ. ಆಮೇಲೆ ಅಜ್ಜಿಗೆ ಫೋನ್ ಕೊಡಿಸಿ, ಅದನ್ನೇ ಎಲ್ಲ ಮತ್ತೊಮ್ಮೆ ಹೇಳಿದ.

ಫೋನ್ ಇಟ್ಟ ಮೇಲೆ ಅವಳಿಗೆ ನೆನಪಾಯಿತು. ಅವನ ಹಿಂದೆ ಹೆಂಗಸರ ಮಾತು, ಚಹಾದ ಕಪ್ಪು-ಬಸಿಯ ಸದ್ದು ಕೇಳಿಸಿತ್ತು. ಇವತ್ತು ಭಾನುವಾರ. ಅವನು ಹುಡುಗಿಯ ಮನೆಯಲ್ಲಿದ್ದ.

*

ಮಂಗಳವಾರ ಸಂಜೆ ಅವಳು ಬಂಗಾರಪೇಟೆಯಲ್ಲಿ ಮನೆ ಕಡೆಯ ಮಾರಿಕುಪ್ಪಂ ರೈಲು ಹತ್ತಿದಾಗ, ಕಿಟಕಿಯ ಪಕ್ಕದ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ. ಎದುರಿನ ಸೀಟು ಖಾಲಿಯಿತ್ತು. ಅವಳು ಕೂತಳು. ರೈಲು ಹೊರಟಿತು.

"ಕಾಯಿ ಹೆಂಗೈತ್ರಿ?"

"ಒರೆಸಿ ಮೂಲೇಲಿಟ್ಟಿದ್ದೀನಿ. ಅಜ್ಜಿ ಗಂಟೆಗೊಂದು ಸಲ ಮುಟ್ಟಿ ನೋಡುತ್ತೆ." ಸ್ವಲ್ಪ ತಡೆದು ಹೇಳಿದಳು. "ಅವತ್ತು ನೀವು ಅವ್ರ ಮನೇಲಿದ್ರಿ. ನಂಗೆ ಗ್ಯಾನನೇ ಇರ್ಲಿಲ್ಲ. ತಪ್ಪಾಯ್ತು."

"ಹೌದ್ರಿ, ಭಾಳ ತಪ್ಪಾತು."

ಅವಳು ಕಿಟಕಿಯಾಚೆ ನೋಡಿದಳು. ಕೊನೆಗೆ ಕೇಳಲೇಬೇಕಾಯಿತು. "ಉಡುಗಿ ಎಂಗವ್ರೆ?"

"ಸೌಂದರ್ಯಾ ಅಂತ ಹೆಸರು. ಬಿ.ಕಾಂ ಮಾಡ್ಯಾರ. ಚಂದ ಅದಾರ, ಶಾಣ್ಯಾನೂ ಅದಾರ."

ಅರುಣಕುಮಾರಿ ತಲೆಯಾಡಿಸಿದಳು. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಮತ್ತೆ ಸುತ್ತಿದಳು.

"ಎಷ್ಟು ಶಾಣ್ಯಾ ಅಂದ್ರ," ಎಂದು ಅವನು ಮುಂದಕ್ಕೆ ಬಾಗಿದ, "ನಾ ಫೋನ್ ಮುಗಿಸಿ ಒಳಗ ಬಂದೆ. ಹತ್ತು ಮಂದಿ ಕುಂತಾರ, ಉಪ್ಪಿಟ್ಟು ಆರಿ ಹೋಗೈತಿ. ಅವರು ನನ್ನ ಜೋಡಿ ಮಾತಾಡಬೇಕು ಅಂತ ಹೊರಗ ಕರದ್ರು. 'ಒಂದು ಮಾತು ಕೇಳ್ತೀನ್ರಿ,' ಅಂದ್ರು. 'ನೀವು ಬಂದು ಒಂದು ತಾಸಾತು, ನನ್ನ ಜೋಡಿ ಬರೇ ಹೂಂ ಅಂದೀರಿ. ಫೋನಿನಾಗ ಅರ್ಧ ತಾಸು ಎಷ್ಟು ಚಂದ ಮಾತಾಡಿದ್ರಿ. ಯಾರವರು?' ಅಂದ್ರು."

"ನೀವೇನಂದ್ರಿ?"

"ಬಾಜೂ ಮನಿ ಟೀಚರ್ ಅಂದೆ. ಕುಂಬಳಕಾಯಿ ಮುರದೈತಿ, ಅದಕ್ಕ ಅಂದೆ. ಅವರು ನಕ್ಕರ್ರಿ. 'ಕುಂಬಳಕಾಯಿಗೆ ಯಾರೂ ಹಂಗ ಮಾತಾಡಂಗಿಲ್ಲ. ಮೊದಲು ಅವರನ್ನ ಕೇಳ್ರಿ, ಆಮೇಲೆ ಹೆಣ್ಣು ನೋಡಾಕ ತಿರುಗಾಡ್ರಿ' ಅಂದು, ತಾವೇ ಒಳಗ ಹೋಗಿ ಬ್ಯಾಡ ಅಂತ ಹೇಳಿಬಿಟ್ರು."

ಅರುಣಕುಮಾರಿ ಪಟ್ಟಿ ಸುತ್ತುವುದನ್ನು ನಿಲ್ಲಿಸಿದ್ದಳು. ಆ ಸೌಂದರ್ಯಾಳಿಗೆ ಒಂದು ಪತ್ರ ಬರೆಯಬೇಕು ಎನ್ನಿಸಿತು.

"ನಿಮ್ಮಮ್ಮ?"

"ಬಸ್ಸಿನಾಗ ಒಂದು ತಾಸು ಮಾತೇ ಆಡಲಿಲ್ರಿ. ಊರು ಹತ್ರ ಬಂದಾಗ ಕೇಳಿದ್ಲು, 'ಕಾಯಿಗೆ ತೊಟ್ಟು ಎಷ್ಟುದ್ದ ಉಳದೈತಂತೋ?' ನಾಕು ಬೆರಳು ಅಂದೆ. 'ಹಂಗಾದ್ರ ಉಳೀತೈತಿ,' ಅಂದ್ಲು. 'ಆ ಹುಡುಗೀನ ಒಮ್ಮೆ ಕರಕೊಂಡು ಬಾ,' ಅಂದ್ಲು."

ಅವಳು ನಕ್ಕಳು, ಕಣ್ಣು ತುಂಬಿಕೊಂಡೇ. ಅವನು ನಗಲಿಲ್ಲ.

"ಅರುಣಾ ಅವ್ರ, ನಾ ಹೋಗೋ ಮುಂದ ನಿಮ್ಮನ್ನ ಕೇಳಬೇಕಿತ್ತು. ನೀವಾಗೇ ಏನರ ಅಂತೀರಿ ಅಂತ ಕಾದೆ. ಅದು ನನ್ನ ಹೇಡಿತನ. ಈಗ ಕೇಳ್ತೀನಿ. ನನಗ ನೀವು ಬೇಕು. ಮುಂಜಾನೆ ಬೇಕು, ಸಂಜಿಗೂ ಬೇಕು."

ರೈಲು ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದಲ್ಲಿ ನಿಧಾನವಾಯಿತು. ಇಳಿಬಿಸಿಲು ದಿಬ್ಬದ ಮೇಲೆ ಬಿದ್ದು, ಅದರ ಬೆಳಕು ಬೋಗಿಯೊಳಗೆ ತುಂಬಿತ್ತು. ಅವಳಿಗೆ 'ಊಂ' ಎನ್ನಬೇಕು ಎಂದಿತ್ತು. ಅದರ ಬದಲು ಮೂರು ವರ್ಷದ ಹಳೆಯ ಭಯ ಮಾತಾಡಿತು.

"ಪತ್ರಿಕೆ ಅಂಚಿದ ಮೇಲೆ ಬೇಡ ಅಂದ್ರೆ? ಅಂಗನ್ನಲ್ಲ ಅಂತ ಏನ್ ಗ್ಯಾರಂಟಿ?"

"ಗ್ಯಾರಂಟಿ ಕಾರ್ಡ್ ಕೊಡಾಕ ನಾ ಮಿಕ್ಸರ್ ಅಲ್ರಿ." ಆಮೇಲೆ ಅವನು ಮೆಲ್ಲಗೆ ಹೇಳಿದ. "ಅವಸರ ಇಲ್ಲ. ಹೆಂಗೂ ಇಪ್ಪತ್ತೈದು ದಿನ ಕಾಯಿ ಮುಟ್ಟೂ ಹಂಗಿಲ್ಲ. ಅಲ್ಲೀತನಕ ನೀವು ವಿಚಾರ ಮಾಡ್ರಿ. ನಾ ಬಾಜೂಕೇ ಇರತೀನಿ."

ಕೋರಮಂಡಲ್ ಬಂತು. ಇಳಿಯುವಾಗ ಅವನು ಅವಳ ಬ್ಯಾಗನ್ನು ತಾನೇ ಹಿಡಿದುಕೊಂಡ. ಅವಳು ಬೇಡ ಎನ್ನಲಿಲ್ಲ.

*

ಆ ದಿನಗಳಲ್ಲಿ ಅವನು ಒಂದು ಸಲವೂ ಉತ್ತರ ಕೇಳಲಿಲ್ಲ. ದಿನಾ ಸಂಜೆ ಬಂದು ಅಜ್ಜಿಯ ಹತ್ತಿರ ಕೂರುತ್ತಿದ್ದ. ಬಚ್ಚಪ್ಪನ ಜೊತೆ ಸೇರಿ ಹಿತ್ತಿಲ ಬೇಲಿ ಕಟ್ಟಿದ. ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಬಂದ. ಒಂದು ದಿನ ಅವನಿಗೆ ಓವರ್‌ಟೈಮ್ ಬಿದ್ದು ಬರಲಾಗಲಿಲ್ಲ. ಅರುಣಕುಮಾರಿ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ನಾಲ್ಕನೇ ಸಲ ಅಜ್ಜಿ, "ಅಲ್ಲೇ ಚಾಪೆ ಆಕ್ಕೊಂಡು ಕೂತ್ಕೊಳ್ಳಮ್ಮಣ್ಣಿ," ಎಂದಳು.

ಇಪ್ಪತ್ತೈದು ದಿನ ಕಳೆದು ಶನಿವಾರ ಬಂತು. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ನಡುಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತಳು. ಮುಂದೆ ಸ್ಟೀಲ್ ಬೇಸಿನ್, ನೀರು, ಬೂದಿ. ಶಶಿಧರ್ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದಿಟ್ಟ. ಬೂದಿ ಹಸಿರು ತಿರುಗಿ ಮಾಸಲು ಕಂದಾಗಿತ್ತು. ತೊಟ್ಟು ಒಣಗಿ ಮರವಾಗಿತ್ತು.

ಅಜ್ಜಿ ಕಾಯಿಯ ಮೇಲೆ ಕೈಯಿಟ್ಟಳು. "ಕುಯ್ಯಲಾ?" ಎಂದಳು, ಯಾರನ್ನೂ ಕೇಳದ ದನಿಯಲ್ಲಿ.

"ಒಂದು ನಿಮಿಷ ಇರಜ್ಜಿ," ಎಂದಳು ಅರುಣಕುಮಾರಿ.

ಇಬ್ಬರೂ ಅವಳ ಕಡೆ ತಿರುಗಿದರು.

ಅವಳು ಶಶಿಧರನನ್ನು ನೇರವಾಗಿ ನೋಡಿದಳು. ಇಷ್ಟು ದಿನ ಅವನು ನೋಡದಾಗ ಮಾತ್ರ ನೋಡುತ್ತಿದ್ದವಳು. ಕಪಾಟಿನ ಗಾಜು, ನೀರಿನ ಬಕೆಟ್, ಕನ್ನಡಿ, ಎಲ್ಲದರಲ್ಲೂ ಅವನನ್ನು ಕದ್ದು ನೋಡಿ ಬಲ್ಲವಳು. ಈಗ ಕಣ್ಣು ತೆಗೆಯಲಿಲ್ಲ.

"ಒಳಗೆ ಬೀಜ ಎಂಗಿದ್ರೂ ಇರ್ಲಿ. ಕುಯ್ಯೋಕೆ ಮುಂಚೇನೇ ಏಳ್ಬೇಕು. ಆಮೇಲೆ ಏಳಿದ್ರೆ, ಬೀಜ ಚೆನ್ನಾಗಿತ್ತು ಅಂತ ಒಪ್ಕೊಂಡ್ಲು ಅನ್ಕೊತೀರಿ. ನಂಗೆ ನೀವು ಬೇಕು. ಜೊಳ್ಳಾದ್ರೂ ಬೇಕು."

"ಜೊಳ್ಳಾಗೋದು ಬೀಜನೋ, ನಾನೋ?"

"ಯಾವುದಾದ್ರೂ."

ಅವನು ನೆಲದ ಮೇಲೆ ಕೂತುಬಿಟ್ಟ. ಇಷ್ಟು ದಿನ ಹೊತ್ತು ನಡೆದು ಈಗಷ್ಟೇ ಮೂಟೆ ಇಳಿಸಿದವನ ಮುಖವಿತ್ತು. ಮುನಿಗಂಗಮ್ಮ ಇಬ್ಬರ ಕಡೆಗೂ ಒಂದೊಂದು ಸಲ ತಿರುಗಿ, "ಈಗ್ಲಾದ್ರೂ ಕುಯ್ಯಲಾ?" ಎಂದಳು.

ಕಾಯಿ ಸುಲಭಕ್ಕೆ ಸೀಳಲಿಲ್ಲ. ಶಶಿಧರ್ ಒಂದು ಕಡೆ ಹಿಡಿದ, ಅರುಣಕುಮಾರಿ ಇನ್ನೊಂದು ಕಡೆ. ಒತ್ತಿದ್ದೇ ಎರಡು ಹೋಳಾಯಿತು. ಅರಿಶಿನ ಕುಂಕುಮ ಕಲಸಿದ ಬಣ್ಣ ನಡುಮನೆಗೆಲ್ಲ ಹರಡಿದಂತೆ ಕಂಡಿತು. ಸಿಹಿ ವಾಸನೆ ಎದ್ದಿತು. ಅಜ್ಜಿ ನಾರಿನೊಳಗೆ ಕೈಹಾಕಿ ಹಿಡಿ ತುಂಬ ಬೀಜ ತೆಗೆದಳು. ಒಂದನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಒತ್ತಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಇನ್ನೊಂದು. ಮತ್ತೊಂದು. ಹೊರಗೆ ಎಲ್ಲೋ ಆಟೋ ಹೋಯಿತು.

ಐದನೆಯದನ್ನು ಒತ್ತಿ ಅಜ್ಜಿ ಕಣ್ಣು ತೆಗೆದಳು.

"ಗಟ್ಟಿಯಾಗವೆ."

"ಎಲ್ಲಾನಾ ಅಜ್ಜಿ?"

"ಒಂದೆರಡು ಮೆತ್ತಗವೆ. ಅವು ಯಾವಾಗ್ಲೂ ಇರ್ತವೆ. ಮಿಕ್ಕಿದ್ದು ಗಟ್ಟಿ. ನಮ್ಮಮ್ಮನ ಕಾಯಿ ಬೀಜ ಇಂಗೇ ಇರ್ತಿತ್ತು."

ಅರುಣಕುಮಾರಿಯೂ ನೆಲದ ಮೇಲೆ ಕೂತಳು. ಬೇಸಿನ್ನಿನ ಆ ಕಡೆ ಅವನು, ಈ ಕಡೆ ಅವಳು. ಬೀಜಕ್ಕಂಟಿದ ನಾರು ಬಿಡಿಸುತ್ತ ತೊಳೆಯತೊಡಗಿದರು. ಬೀಜ ಬೆರಳಿನಿಂದ ಜಾರುತ್ತಿತ್ತು. ಒಂದು ಸಲ ಜಾರಿದ್ದನ್ನು ಹಿಡಿಯಲು ಹೋದ ಅವಳ ಕೈ ನೀರಿನೊಳಗೆ ಅವನ ಕೈಗೆ ಸಿಕ್ಕಿತು. ಅವನು ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಅಜ್ಜಿಗೆ ಕಣ್ಣು ಕಾಣುವುದಿಲ್ಲವೆಂದು ಇಬ್ಬರೂ ನಂಬಿದ್ದರು.

"ಮುಂದಿನ ವಾರ ಊರಿಗೆ ಹೋಗಿ ಅವ್ವಗ ಹೇಳಿ ಬರತೀನಿ," ಎಂದ ಅವನು, ಬಹಳ ಸಣ್ಣ ದನಿಯಲ್ಲಿ.

"ಒಬ್ರೇನಾ?"

"ಮತ್ತ?"

"ಕರ್ಕೊಂಡು ಬಾ ಅಂದಿದ್ರಂತಲ್ಲ. ನಾನೂ ಬತ್ತೀನಿ. ಎರಡು ಟಿಕೆಟ್ ಮಾಡ್ಸಿ."

ಅಜ್ಜಿ ಬೀಜಕ್ಕೆ ಬೂದಿ ಉಜ್ಜುತ್ತಿದ್ದವಳು, ತಲೆಯೆತ್ತದೆ ಹೇಳಿದಳು:

"ಮೂರು ಮಾಡ್ಸಪ್ಪ. ಆಯಮ್ಮಂಗೆ ಬೀಜ ನಾನೇ ಕೊಡ್ಬೇಕು."